ಕೇಳಿಸಿಕೊಂಡು ಹೇಳೋಣ

ಸಹೋದರಿಯರೇ, ದಿನಕ್ಕೆ ಎಷ್ಟು ಭಾಷೆಗಳು ನಿಮ್ಮ ಕಿವಿಗೆ ಬೀಳುತ್ತವೆ? ಮನೆಯಲ್ಲಿ ಉರ್ದು, ಶಾಲೆ-ಕಚೇರಿಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. 1687ರಲ್ಲಿ ಮೊಗಲರ ಪ್ರಾಂತ್ಯದ ರಾಜಧಾನಿಯಾದ ಶಿರಾ, ಬಹುಪಾಲು ಆಂಧ್ರದಿಂದಲೇ ಸುತ್ತುವರಿದ ಪಾವಗಡ, ಇತ್ತ ಮಧುಗಿರಿ, ಕೊರಟಗೆರೆ – ಈ ಸೀಮೆಯವರಿಗೆ ಮೂರು ಭಾಷೆ ಆಡುವುದು ಕಷ್ಟವಲ್ಲ. ಕಷ್ಟವಿರುವುದು ಕೇಳಿಸಿಕೊಳ್ಳುವುದರಲ್ಲಿ.

ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ಜ್ವರ ಬಂದಿದ್ದ ಅತ್ತೆಯನ್ನು ಮಧುಗಿರಿಯಲ್ಲಿ ವೈದ್ಯರಿಗೆ ತೋರಿಸಲು ಕರೆದೊಯ್ದಿದ್ದೆ. ಅತ್ತೆಗೆ ಉರ್ದು ಬಿಟ್ಟು ಬೇರೆ ಭಾಷೆ ಬಾರದು. "ಯಾವಾಗಿನಿಂದ ಜ್ವರ?" ಎಂದು ವೈದ್ಯರು ಕೇಳಿದರು. ಅತ್ತೆ "ಪರ್ಸೋಂ ಸೇ..." ಎಂದು ಶುರು ಮಾಡಿದ್ದಷ್ಟೇ, ನಾನು "ಮೊನ್ನೆಯಿಂದ ಡಾಕ್ಟ್ರೇ" ಎಂದುಬಿಟ್ಟೆ. ಮಾತ್ರೆ ಬರೆಸಿಕೊಂಡು ಎದ್ದೂ ಆಯಿತು. ಆಗ ಅತ್ತೆ ನನ್ನ ಸೆರಗು ಹಿಡಿದು, ಹೋದ ಜುಮಾ ದಿನವೂ ಮೈ ಸುಡುತ್ತಿತ್ತೆಂದು ಹೇಳು ಎಂದರು. ವೈದ್ಯರು ಚೀಟಿಯನ್ನು ಬದಿಗಿಟ್ಟು ರಕ್ತ ಪರೀಕ್ಷೆಗೆ ಕಳುಹಿಸಿದರು. ಟೈಫಾಯಿಡ್! ಎರಡು ದಿನದ ಜ್ವರ ಬೇರೆ, ವಾರ ದಾಟಿದ ಜ್ವರ ಬೇರೆ.

ನಮ್ಮ ಹಿರಿಯರ ಮಾತಿನಲ್ಲಿ 'ಪರ್ಸೋಂ' ಎಂದರೆ ಮೊನ್ನೆಯೂ ಹೌದು, ನಾಡಿದ್ದೂ ಹೌದು. ಕೆಲವು ದಿನಗಳ ಹಿಂದೆ ಎಂದೂ ಆದೀತು. 'ಕಲ್' ಎಂದರೆ ನಿನ್ನೆ, ನಾಳೆ ಎರಡೂ. ಮಾತನ್ನು ಕೊನೆಯವರೆಗೆ ಕೇಳದಿದ್ದರೆ ಯಾವುದೆಂದು ತಿಳಿಯುವುದು ಹೇಗೆ? ಕೊರಟಗೆರೆಯಿಂದ ಪಾವಗಡಕ್ಕೆ ಸೊಸೆಯಾಗಿ ಹೋದವಳಿಗೂ ಇದೇ ಪಾಡು. ನೆರೆಮನೆಯಾಕೆ ತೆಲುಗಿನಲ್ಲಿ 'ಪಾಲು' ಕೇಳಿದರೆ ಅದು ಹಾಲು, ಆಸ್ತಿಯ ಪಾಲಲ್ಲ.

ಹಾಗಾದರೆ ಏನು ಮಾಡಬೇಕು? ಮಾತಾಡುವವರು ಮುಗಿಸುವವರೆಗೆ ಕಾಯಿರಿ. ದಿನದ ಲೆಕ್ಕವನ್ನು ವಾರದ ಹೆಸರಿನಿಂದ ಕೇಳಿ: "ಜುಮಾಕ್ಕೆ ಮೊದಲೋ, ಆಮೇಲೋ?" ನೋವೆಂದರೆ ಎಲ್ಲಿ ಎಂದು ಕೈಯಿಟ್ಟು ತೋರಿಸಲು ಹೇಳಿ. ಕೇಳಿದ್ದನ್ನು ಅವರ ಭಾಷೆಯಲ್ಲೇ ಅವರಿಗೆ ಒಮ್ಮೆ ತಿರುಗಿ ಹೇಳಿ, ಅವರು ಹೌದೆಂದ ಮೇಲೆ ಇನ್ನೊಬ್ಬರಿಗೆ ತಿಳಿಸಿ. ಅರ್ಥವಾಗದಿದ್ದರೆ ಸುಮ್ಮನೆ ತಲೆಯಾಡಿಸಬೇಡಿ. "ಇನ್ನೊಮ್ಮೆ ಹೇಳಿ" ಎನ್ನುವುದರಲ್ಲಿ ಅವಮಾನವೇನಿಲ್ಲ.

ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ, ತಾಲೂಕು ಕಚೇರಿಯಲ್ಲಿ ಮನೆಯ ಹಿರಿಯರಿಗೆ ನಾವೇ ನಾಲಿಗೆ. ಕಷ್ಟ ಅವರದು, ಮಾತೂ ಅವರದೇ. ಅದನ್ನು ಮೊಟಕು ಮಾಡುವ ಹಕ್ಕು ನಮಗಿಲ್ಲ. ಅಂದು ಅತ್ತೆ ಸೆರಗು ಹಿಡಿಯದೆ ಸುಮ್ಮನೆ ನನ್ನ ಹಿಂದೆ ಬಂದಿದ್ದರೆ? ಆ ಯೋಚನೆ ಬಂದಾಗಲೆಲ್ಲ, ಉತ್ತರ ಹೇಳುವ ಮೊದಲು ಅವರ ಮುಖವನ್ನೊಮ್ಮೆ ನೋಡುತ್ತೇನೆ.