ಘಾಟಿಯ ಮಂಜು, ಜೆ.ಸಿ. ರಸ್ತೆಯ ಬಲ್ಬು

ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಮಳೆಗಾಲದ ಮಂಜು ಕವಿದರೆ ನಾಲ್ಕು ಮಾರು ದೂರದ ತಿರುವೂ ಕಾಣದು. ಹೇಗೋ ಘಾಟಿ ದಾಟಿ ಬೆಂಗಳೂರಿಗೆ ಮರಳಿದ ಕಾರಿನವರು ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಕೇಳುವುದು ಒಂದೇ: ಫಾಗ್ ಲ್ಯಾಂಪಿಗೆ ಇನ್ನೂ ಜೋರಾದ ಬಲ್ಬ್ ಇದೆಯೇ?

ಇದೆ. ತೊಂದರೆಯೂ ಅಲ್ಲೇ ಇದೆ.

ಮಂಜೆಂದರೆ ಗಾಳಿಯಲ್ಲಿ ತೇಲುವ ನೀರಿನ ಹನಿಗಳು. ಬೆಳಕು ಹೆಚ್ಚಿದಷ್ಟೂ ಅವು ಅದನ್ನು ಚಾಲಕನ ಕಣ್ಣಿಗೇ ತಿರುಗಿಸಿ ಎಸೆಯುತ್ತವೆ. ಅದಕ್ಕೇ ಫಾಗ್ ಲ್ಯಾಂಪನ್ನು ಬಂಪರಿನ ತಗ್ಗಿನಲ್ಲಿ ಕೂರಿಸಿ, ಬೆಳಕು ಮೇಲೇಳದೆ ಅಗಲಕ್ಕೆ ಹರಡುವಂತೆ ಮಾಡಿರುತ್ತಾರೆ. ಒಳಗಿನ ಪ್ರತಿಫಲಕದ ಲೆಕ್ಕವೆಲ್ಲ ಹ್ಯಾಲೊಜೆನ್ ತಂತಿ ಇರುವ ಜಾಗದ ಮೇಲೆ ನಿಂತಿದೆ. ಆ ಜಾಗಕ್ಕೆ ಸರಿಹೊಂದದ ಎಲ್‌ಇಡಿ ತುರುಕಿದರೆ ಬೆಳಕು ಮೇಲಕ್ಕೆ ಚೆಲ್ಲಿ ಎದುರಿಗೆ ಬಿಳಿ ಗೋಡೆ ಏಳುತ್ತದೆ.

55 ವ್ಯಾಟಿನ ಜಾಗಕ್ಕೆ 100 ವ್ಯಾಟ್ ಹಾಕುವುದು ಇನ್ನೊಂದು ಚಪಲ. 12 ವೋಲ್ಟಿನಲ್ಲಿ ನಾಲ್ಕೂವರೆ ಆಂಪಿಯರ್ ಎಳೆಯುತ್ತಿದ್ದ ವೈರು ಎಂಟಕ್ಕೂ ಹೆಚ್ಚು ಹೊರಬೇಕು, ಹೋಲ್ಡರ್ ಕರಗಬಹುದು. ಹಳದಿ ಬೆಳಕು ಮಂಜನ್ನು ಸೀಳುತ್ತದೆಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಕಣ್ಣಿಗೆ ಕೊಂಚ ಹಿತ, ಅಷ್ಟೆ.

ಮಸುಕಾದ ಗಾಜು ಒರೆಸಿ, ದೀಪದ ಕೋನ ಸರಿಪಡಿಸಿ, ಅದೇ ವ್ಯಾಟಿನ ಒಳ್ಳೆಯ ಬಲ್ಬ್ ಹಾಕಿದರೆ ಸಾಮಾನ್ಯವಾಗಿ ಸಾಕು. ಎಲ್‌ಇಡಿಯೇ ಬೇಕೆಂದರೆ ಅದಕ್ಕಾಗಿಯೇ ರೂಪಿಸಿದ ಇಡೀ ದೀಪವನ್ನೇ ಕೊಳ್ಳಬೇಕು. ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ರಾಜ್ಯದ ಪೊಲೀಸರು 2024ರ ಜುಲೈನಿಂದ ಮೊಕದ್ದಮೆ ಹೂಡತೊಡಗಿದ್ದಾರೆ.