ಸಹಿಸುವುದು ಧರ್ಮವಲ್ಲ

ಸ್ತ್ರೀಯರ ದಾಂಪತ್ಯವ್ಯಥೆಯ ಕಾರಣ, ಚಿಕಿತ್ಸೆಗಳನ್ನು ಕುರಿತು ಕನ್ನಡ ಬಂಧುಗಳಲ್ಲಿ ಒಂದು ಬಿನ್ನಹ



ಮಂಡಿ ನೋವೆಂದರೆ ಹತ್ತು ಮನೆಯವರನ್ನು ಕೇಳಿ ಹತ್ತು ಬಗೆಯ ಎಣ್ಣೆಯನ್ನು ತಿಕ್ಕಿಸಿಕೊಳ್ಳುವ ನಮ್ಮ ಕುಟುಂಬಗಳಲ್ಲಿ, ಒಂದು ಬೇನೆ ಮಾತ್ರ ಹೆತ್ತ ತಾಯಿಗೂ ತಿಳಿಯದಂತೆ, ಒಡಹುಟ್ಟಿದ ಅಕ್ಕನಿಗೂ ತಿಳಿಯದಂತೆ, ಎಷ್ಟೋ ವೇಳೆ ಪಕ್ಕದಲ್ಲಿಯೇ ಮಲಗಿರುವ ಪತಿಗೂ ತಿಳಿಯದಂತೆ, ಹೆಣ್ಣಿನ ಒಡಲಿನಲ್ಲಿ ಹುಟ್ಟಿ ಅಲ್ಲಿಯೇ ಹಳೆಯದಾಗುತ್ತದೆ. ಪತಿಪತ್ನಿಯರ ಕೂಟವು ಸುಖವನ್ನೀಯದೆ ನೋವನ್ನೀಯುವುದು, ಬಯಕೆಯು ಬತ್ತಿ ಅದಕ್ಕಾಗಿ ಮನಸ್ಸು ಕೊರಗುವುದು, ಮನಸ್ಸು ಒಪ್ಪಿದರೂ ದೇಹವು ಓಗೊಡದಿರುವುದು, ಸುಖದ ಪರಾಕಾಷ್ಠೆಯು ವರ್ಷಗಳು ಕಳೆದರೂ ಅನುಭವಕ್ಕೆ ಬಾರದಿರುವುದು, ಹೀಗೆ ನಾಲ್ಕು ಮುಖಗಳುಳ್ಳ ಈ ವ್ಯಥೆಗೆ ವೈದ್ಯಶಾಸ್ತ್ರವು ಕಾರಣಗಳನ್ನು ಹುಡುಕಿ, ಅವುಗಳಲ್ಲಿ ಬಹುಪಾಲಿಗೆ ಪರಿಹಾರವನ್ನೂ ಕಂಡುಕೊಂಡಿರುವಾಗ, ಆ ತಿಳಿವಳಿಕೆಯು ನಮ್ಮ ಮನೆಗಳ ಹೊಸ್ತಿಲನ್ನು ಇನ್ನೂ ದಾಟಿಲ್ಲವಲ್ಲಾ ಎಂಬ ಸಂಕಟವೇ ಈ ಕರಪತ್ರವನ್ನು ಬರೆಯಿಸಿದೆ. ಈ ನೋವನ್ನು ಬಾಯಿ ಕಟ್ಟಿಕೊಂಡು ಸಹಿಸುವುದೇ ಸ್ತ್ರೀಧರ್ಮವೆಂದು ತಲೆತಲಾಂತರದಿಂದ ಹೇಳಿಕೊಂಡು ಬಂದ ಮಾತು ಸುಳ್ಳೆಂದೂ, ಜ್ವರಕ್ಕೆ ಮದ್ದು ಕೇಳುವಷ್ಟೇ ಸಹಜವಾಗಿ ಇದಕ್ಕೂ ಮದ್ದು ಕೇಳಬೇಕೆಂದೂ, ಕೇಳಲು ಹೋಗುವಾಗ ಪತಿಯೂ ಜೊತೆಯಲ್ಲಿ ನಡೆಯಬೇಕೆಂದೂ ನಿಮ್ಮಲ್ಲಿ ಬಿನ್ನವಿಸಿಕೊಳ್ಳುತ್ತೇವೆ.

ಮಾತನಾಡುವುದು ಮರ್ಯಾದೆಗೆ ಭಂಗವೆ?

ಇಂಥ ವಿಷಯವನ್ನು ಅಚ್ಚು ಹಾಕಿಸಿ ಹಂಚುವುದು ನಮ್ಮ ಸಂಪ್ರದಾಯಕ್ಕೆ ಒಪ್ಪುವುದಿಲ್ಲವೆಂದು ಆಕ್ಷೇಪಿಸುವ ಹಿರಿಯರು ಆ ಸಂಪ್ರದಾಯವನ್ನೇ ಒಮ್ಮೆ ತಿರುಗಿ ನೋಡಬೇಕೆಂದು ನಮ್ಮ ಪ್ರಾರ್ಥನೆ. ವಾತ್ಸ್ಯಾಯನನು ಕಾಮಸೂತ್ರದಲ್ಲಿ ಸ್ತ್ರೀಯ ಸುಖದ ಸ್ವರೂಪವನ್ನು ಕುರಿತ ಪೂರ್ವಾಚಾರ್ಯರ ಭಿನ್ನಾಭಿಪ್ರಾಯಗಳನ್ನು ಎತ್ತಿಕೊಂಡು ಚರ್ಚಿಸುತ್ತಾನೆ; ವಿವಾಹವಾದ ಮೊದಲ ಮೂರು ರಾತ್ರಿ ದಂಪತಿಗಳು ಬ್ರಹ್ಮಚರ್ಯದಿಂದಿರಬೇಕೆಂದೂ, ವಧುವಿನ ವಿಶ್ವಾಸವನ್ನು ಮೆಲ್ಲಮೆಲ್ಲನೆ ಸಂಪಾದಿಸಬೇಕೆಂದೂ, ಬಲಾತ್ಕಾರಕ್ಕೊಳಗಾದವಳು ಕೂಟವನ್ನೇ ದ್ವೇಷಿಸುವಳೆಂದೂ ಎಚ್ಚರಿಸುತ್ತಾನೆ. ಕನ್ನಡದಲ್ಲಿಯೇ, 11ನೆಯ ಶತಮಾನದಷ್ಟು ಹಿಂದೆ, ಚಂದ್ರರಾಜನು ಮದನತಿಲಕವೆಂಬ ಕಾಮಶಾಸ್ತ್ರಗ್ರಂಥವನ್ನು ರಚಿಸಿದನು. ನಮ್ಮ ಕಾಲಕ್ಕೆ ಬಂದರೆ, ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಡಾ. ಅನುಪಮಾ ನಿರಂಜನ ಅವರು ಹೆಣ್ಣಿನ ದೇಹದ ವಿಷಯವನ್ನು ತಿಳಿಗನ್ನಡದಲ್ಲಿ ಬರೆದು ಓದುಗರ ಕೈಗಿತ್ತರು. ಮೌನವೆಂಬುದು ಈ ಪರಂಪರೆಗೆ ನಡುವೆ ಬಂದು ಅಂಟಿಕೊಂಡದ್ದು. ಅದನ್ನು ಬಿಟ್ಟರೆ ಹಿರಿಯರಿಗೆ ದ್ರೋಹ ಬಗೆದಂತಾಗುವುದಿಲ್ಲ.

ಯಾವುದು ರೋಗ, ಯಾವುದು ಅಲ್ಲ

ಬಯಕೆ ಕಡಮೆಯಾದುದೆಲ್ಲ ರೋಗವೆಂದು ಗಾಬರಿಗೊಳ್ಳಬಾರದು. ಅಮೆರಿಕೆಯ 31,581 ಸ್ತ್ರೀಯರ ಉತ್ತರಗಳನ್ನು ಕೂಡಿಸಿ 2008ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು 43 ಮಂದಿ ಯಾವುದಾದರೊಂದು ಲೈಂಗಿಕ ತೊಂದರೆಯನ್ನು ಹೇಳಿಕೊಂಡರು. ಆದರೆ ಅದರಿಂದ ಮನಸ್ಸಿಗೂ ಕ್ಲೇಶವಾಗುತ್ತಿದೆಯೆಂದವರು ನೂರಕ್ಕೆ ಸುಮಾರು 12 ಮಂದಿ ಮಾತ್ರ. ಹೆಣ್ಣಿಗೆ ಕ್ಲೇಶವನ್ನುಂಟುಮಾಡದ ಸಂಗತಿಗೆ ರೋಗದ ಹೆಸರಿಡಲು ಪತಿಗಾಗಲಿ ಅತ್ತೆಗಾಗಲಿ ಅಧಿಕಾರವಿಲ್ಲ. ಕೆನಡಾದ ವೈದ್ಯೆ ರೋಸ್‌ಮೆರಿ ಬ್ಯಾಸನ್ ಅವರು 2000ದಲ್ಲಿ ತೋರಿಸಿಕೊಟ್ಟಂತೆ, ಬಯಕೆಯು ಮೊದಲೇ ಹುಟ್ಟಿ ಆಮೇಲೆ ಸ್ಪರ್ಶವನ್ನು ಅರಸಬೇಕೆಂಬ ನಿಯಮವಿಲ್ಲ. ವಿಶ್ವಾಸದಿಂದಲೂ ಸಾವಧಾನದ ಸ್ಪರ್ಶದಿಂದಲೂ ದೇಹವು ಎಚ್ಚೆತ್ತ ಬಳಿಕ ಬಯಕೆ ಮೂಡುವುದೂ ಅಷ್ಟೇ ಸಹಜ. ಸ್ತ್ರೀಸುಖದ ಮುಖ್ಯ ಅವಯವವಾದ ಭಗಾಂಕುರವು ಹೊರಗೆ ಕಾಣುವ ಸಣ್ಣ ಮೊಗ್ಗಿನಷ್ಟೇ ಆಗಿರದೆ ಒಳಗೆ ಬಹುದೂರ ವ್ಯಾಪಿಸಿದೆಯೆಂಬುದನ್ನು ಆಸ್ಟ್ರೇಲಿಯದ ಶಸ್ತ್ರವೈದ್ಯೆ ಹೆಲೆನ್ ಓಕಾನೆಲ್ ಅವರು 1998ರಲ್ಲಿ ಸವಿವರವಾಗಿ ಪ್ರಕಟಿಸಿದರು. ಕೇವಲ ಸಂಭೋಗದಿಂದ ಬಹುಮಂದಿ ಸ್ತ್ರೀಯರಿಗೆ ಪರಾಕಾಷ್ಠೆ ದೊರೆಯದೆಂಬುದನ್ನು ಅರಿತರೆ, ತಮ್ಮಲ್ಲಿಯೇ ಏನೋ ಊನವಿದೆಯೆಂದು ಕೊರಗುವ ಎಷ್ಟೋ ಜನರ ಭಾರ ಅಲ್ಲಿಗೇ ಇಳಿದೀತು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಹೊಡೆಯುವವನನ್ನು, ಕುಡಿದು ಬಂದು ಮೈಮೇಲೆ ಬೀಳುವವನನ್ನು ಹೆಣ್ಣಿನ ದೇಹವು ಒಲ್ಲೆನೆಂದರೆ ಅದು ರೋಗವಲ್ಲ, ಆರೋಗ್ಯದ ಲಕ್ಷಣ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯು ಲೈಂಗಿಕ ಹಿಂಸೆಯನ್ನೂ ದೌರ್ಜನ್ಯವೆಂದೇ ಗಣಿಸುತ್ತದೆ.

ಕಾರಣಗಳು

ಹೊಸದಾಗಿ ಮದುವೆಯಾದವರ ವ್ಯಥೆಯಿಂದ ಮೊದಲು ಮಾಡೋಣ. ಒಸಗೆಯ ರಾತ್ರಿ ಕೋಣೆಯ ಬಾಗಿಲು ಮುಚ್ಚಿದ ಮೇಲೆ, ದೇಹದ ವಿಷಯವಾಗಿ ಒಂದಕ್ಷರವನ್ನೂ ಯಾರಿಂದಲೂ ಕೇಳದೆ, ಗೆಳತಿಯರು ಹೇಳಿದ ರಕ್ತದ ಕಥೆಗಳನ್ನು ಮಾತ್ರ ಕೇಳಿ ಬೆಳೆದ ಹುಡುಗಿಯ ಯೋನಿಯ ಸುತ್ತಣ ಸ್ನಾಯುಗಳು, ಕಣ್ಣಿನ ಬಳಿಗೆ ಬೆರಳು ಬಂದೊಡನೆ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುವಂತೆ, ಅವಳ ಇಚ್ಛೆಯನ್ನು ಕೇಳದೆಯೇ ಬಿಗಿದುಕೊಳ್ಳುವುದುಂಟು. ಇದಕ್ಕೆ ವೈದ್ಯರು ವೆಜೈನಿಸ್ಮಸ್ ಎನ್ನುತ್ತಾರೆ. ಹುಡುಗಿ ಹಟ ಮಾಡುತ್ತಾಳೆಂದು ಮನೆಯವರು ಬಗೆಯುತ್ತಾರೆ. ಬೇರೊಬ್ಬನಲ್ಲಿ ಮನಸ್ಸಿಟ್ಟಿದ್ದಾಳೆಂಬ ಅಪವಾದವೂ ಹುಟ್ಟುತ್ತದೆ. ತಿಂಗಳುಗಳು ಉರುಳಿದ ಮೇಲೆ ಅದೇ ಮನೆಯವರು, ವೈದ್ಯರ ಬಾಗಿಲನ್ನು ಒಮ್ಮೆಯೂ ತಟ್ಟದೆ, 1955ರ ಹಿಂದೂ ವಿವಾಹ ಕಾಯ್ದೆಯ 12ನೆಯ ಪ್ರಕರಣವನ್ನು ಹಿಡಿದು ನ್ಯಾಯಾಲಯಕ್ಕೆ ಹೋಗುವುದೂ ಉಂಟು. ವಿವಾಹವನ್ನು ಮುರಿಯುವಷ್ಟು ದೊಡ್ಡದೆಂದು ತೋರುವ ಈ ಸ್ಥಿತಿಯೇ ಸಾವಧಾನದ ಚಿಕಿತ್ಸೆಗೆ ಬಹಳ ಚೆನ್ನಾಗಿ ಮಣಿಯುವಂಥದು.

ಬಾಣಂತಿಯ ನೋವು ಬೇರೆ ಬಗೆಯದು. ಹೆರಿಗೆಯಲ್ಲಿ ಹಾಕಿದ ಹೊಲಿಗೆ ಮಾಯ್ದ ಜಾಗವು ಬಿಗಿದು ಎಳೆಯುತ್ತದೆ. ಮಗುವಿಗೆ ಹಾಲೂಡಿಸುವ ತಿಂಗಳುಗಳಲ್ಲಿ ಈಸ್ಟ್ರೊಜೆನ್ ಎಂಬ ಸ್ತ್ರೀಹಾರ್ಮೋನು ಇಳಿದಿರುವುದರಿಂದ ಯೋನಿಯು ಒಣಗಿರುತ್ತದೆ. ರಾತ್ರಿಯ ನಿದ್ರೆಯಂತೂ ಇರುವುದೇ ಇಲ್ಲ. ಮುಟ್ಟು ನಿಂತ ಬಳಿಕ ಅದೇ ಹಾರ್ಮೋನು ಶಾಶ್ವತವಾಗಿ ಕುಗ್ಗಿ, ಒಳಗಣ ಚರ್ಮವು ತೆಳುವಾಗಿ, ಉರಿಯೂ ಪದೇ ಪದೇ ಮೂತ್ರದ ಸೋಂಕೂ ಕಾಣಿಸಿಕೊಳ್ಳುತ್ತವೆ. ಮೈ ಬಿಸಿಯಾಗಿ ಬೆವರುವ ಬಾಧೆ ಕಾಲಕ್ರಮೇಣ ಇಳಿಯುವಂತೆ ಈ ಒಣಗುವಿಕೆ ತಾನಾಗಿ ಇಳಿಯದು. ಚಿಕಿತ್ಸೆಯಿಲ್ಲದಿದ್ದರೆ ಹೆಚ್ಚುವುದೇ ವಾಡಿಕೆ. ಗರ್ಭಕೋಶದೊಡನೆ ಅಂಡಾಶಯಗಳನ್ನೂ ತೆಗೆಸಿಕೊಂಡವಳಿಗೆ ಮೂವತ್ತೈದರ ವಯಸ್ಸಿನಲ್ಲಾದರೂ ಈ ಸ್ಥಿತಿ ಒಮ್ಮೆಲೇ ಬಂದೆರಗುತ್ತದೆ. ಆದುದರಿಂದ ನಿಜವಾದ ಕಾರಣವಿಲ್ಲದೆ ಅವುಗಳನ್ನು ತೆಗೆಸಲು ಎಂದೂ ಒಪ್ಪಬಾರದು.

ಬಿಳಿಸೆರಗಿನ ಸೋಂಕು, ಕಿಬ್ಬೊಟ್ಟೆಯ ಹಳೆಯ ಸೋಂಕು, ಗರ್ಭಕೋಶದ ಒಳಪೊರೆಯು ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್, ಇವೂ ಕೂಟದ ನೋವಿಗೆ ಕಾರಣಗಳು. ಸಕ್ಕರೆ ಕಾಯಿಲೆಯು ನರಗಳನ್ನೂ ರಕ್ತನಾಳಗಳನ್ನೂ ಕೆಡಿಸಿ ಸಂವೇದನೆಯನ್ನು ಮಂಕುಗೊಳಿಸುತ್ತದೆ. ಥೈರಾಯಿಡ್ ಕುಗ್ಗಿದರೂ ಪ್ರೊಲ್ಯಾಕ್ಟಿನ್ ಏರಿದರೂ ಬಯಕೆ ಇಂಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ; ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ದೇಹದಲ್ಲಿ ಬಯಕೆಗೆ ಎಡೆಯೆಲ್ಲಿ? ಖಿನ್ನತೆಯೂ ಬಯಕೆಯನ್ನು ಕುಂದಿಸುತ್ತದೆ. ಅದಕ್ಕೆ ಕೊಡುವ ಸರ್ಟ್ರಾಲಿನ್, ಎಸ್ಸಿಟಾಲೊಪ್ರಾಮ್ ಮುಂತಾದ ಮಾತ್ರೆಗಳೂ ಕೆಲವರಲ್ಲಿ ಬಯಕೆಯನ್ನೂ ಪರಾಕಾಷ್ಠೆಯನ್ನೂ ತಡೆಯುತ್ತವೆ. ಹಾಗೆಂದು ಅವುಗಳನ್ನು ತಾನಾಗಿ ನಿಲ್ಲಿಸುವುದು ಅಪಾಯ. ವೈದ್ಯರಿಗೆ ಹೇಳಿದರೆ ಪ್ರಮಾಣವನ್ನಾಗಲಿ ಮಾತ್ರೆಯನ್ನಾಗಲಿ ಬದಲಿಸಬಲ್ಲರು.

ಇವೆಲ್ಲದರ ಜೊತೆಗೆ ಬಾಳಿನ ಕಾರಣಗಳಿವೆ. ಒಂದೇ ಕೋಣೆಯಲ್ಲಿ ಅತ್ತೆಮಾವಂದಿರೂ ಮಕ್ಕಳೂ ಮಲಗುವ ಮನೆ, ಮತ್ತೆ ಬಸುರಾದೇನೆಂಬ ಭಯ, ನಸುಕಿನಿಂದ ನಡುರಾತ್ರಿಯವರೆಗೆ ಬಿಡುವಿಲ್ಲದ ದುಡಿಮೆ, ಹಗಲೆಲ್ಲ ಒಂದು ಒಳ್ಳೆಯ ಮಾತನ್ನಾಡದೆ ರಾತ್ರಿ ಮಾತ್ರ ನೆನಪಿಸಿಕೊಳ್ಳುವ ಗಂಡ, ಬಾಲ್ಯದಲ್ಲಿ ಯಾರೋ ಬಂಧುವಿನಿಂದಾದ, ಯಾರಿಗೂ ಹೇಳದೆ ಹೂತಿಟ್ಟ ಅತ್ಯಾಚಾರ, ಇವು ದೇಹವನ್ನು ಸೋಂಕಿಗಿಂತ ಆಳವಾಗಿ ಗಾಯಗೊಳಿಸುತ್ತವೆ. ಗಂಡನಿಗಿರುವ ಶೀಘ್ರಸ್ಖಲನದಂಥ ತೊಂದರೆಯೂ ಎಷ್ಟೋ ಸಲ ಹೆಂಡತಿಯ ದೋಷವೆಂಬ ಹೆಸರಿನಲ್ಲಿ ಹೊರಬೀಳುತ್ತದೆ.

ಚಿಕಿತ್ಸೆಯ ದಾರಿ

ಒಳ್ಳೆಯ ವೈದ್ಯರು ಔಷಧದ ಚೀಟಿಯನ್ನು ಬರೆಯುವ ಮುನ್ನ ಕಥೆಯನ್ನು ಪೂರ್ತಿ ಕೇಳುತ್ತಾರೆ. ಒಳಪರೀಕ್ಷೆಯನ್ನು ಆಕೆಯ ಒಪ್ಪಿಗೆ ಪಡೆದೇ ಮಾಡಬೇಕು, ಸಾಕೆಂದೊಡನೆ ನಿಲ್ಲಿಸಬೇಕು, ಮೊದಲ ಭೇಟಿಯಲ್ಲಿಯೇ ಮಾಡಲೇಬೇಕೆಂಬ ಕಟ್ಟುಪಾಡಿಲ್ಲ. ಸೋಂಕು, ಥೈರಾಯಿಡ್, ಸಕ್ಕರೆ, ರಕ್ತಹೀನತೆಗಳಿಗೆ ತಕ್ಕ ಔಷಧವನ್ನು ಕೊಟ್ಟರೆ ಅರ್ಧ ಕಷ್ಟ ಅಲ್ಲಿಗೇ ಕಳೆಯುವುದುಂಟು. ಒಣಗುವಿಕೆಗೆ ನೀರು ಬೆರೆತ ಜಾರುಕ ಜೆಲ್‌ಗಳು ದೊರೆಯುತ್ತವೆ. ತೆಂಗಿನೆಣ್ಣೆಯನ್ನು ಬಳಸುವವರು ಅದು ರಬ್ಬರಿನ ನಿರೋಧವನ್ನು ಕೆಡಿಸುವುದೆಂಬುದನ್ನು ಮರೆಯಬಾರದು. ಮುಟ್ಟು ನಿಂತವರಿಗೆ ಯೋನಿಯಲ್ಲಿ ಹಚ್ಚುವ ಅಲ್ಪಪ್ರಮಾಣದ ಈಸ್ಟ್ರೊಜೆನ್ ಕ್ರೀಮು ಬಹಳ ಫಲಕಾರಿ. ಸ್ತನದ ಕ್ಯಾನ್ಸರ್ ಬಂದಿದ್ದವರು ಮಾತ್ರ ಕ್ಯಾನ್ಸರ್ ವೈದ್ಯರನ್ನು ಕೇಳಿಯೇ ಅದನ್ನು ಬಳಸಬೇಕು.

ಬಿಗಿದುಕೊಳ್ಳುವ ಸ್ನಾಯುಗಳಿಗೆ ಬೇಕಾದುದು ಬಲವಲ್ಲ, ಸಡಿಲಿಸುವ ಅಭ್ಯಾಸ. ಉಸಿರಾಟದ ಸಹಾಯದಿಂದ ಆ ಸ್ನಾಯುಗಳನ್ನು ಗುರುತಿಸಿ ಸಡಿಲಿಸುವುದನ್ನು ಫಿಸಿಯೋಥೆರಪಿಯವರು ಕಲಿಸುತ್ತಾರೆ. ಬಳಿಕ ಸಣ್ಣದರಿಂದ ದೊಡ್ಡದಕ್ಕೆ ಕ್ರಮವಾಗಿ ಏರುವ ಡೈಲೇಟರ್ ಎಂಬ ನುಣುಪಾದ ಕೊಳವೆಗಳನ್ನು ಆಕೆ ತನ್ನ ಕೈಯಿಂದಲೇ, ತನ್ನ ವೇಗದಲ್ಲಿಯೇ ಬಳಸುತ್ತ ಹೋದರೆ, ಮುಟ್ಟಿದರೆ ನೋವೆಂಬ ಹಳೆಯ ಪಾಠವನ್ನು ದೇಹ ಮರೆಯುತ್ತದೆ. 1970ರಲ್ಲಿ ಮಾಸ್ಟರ್ಸ್ ಮತ್ತು ಜಾನ್ಸನ್ ಎಂಬ ಅಮೆರಿಕೆಯ ಸಂಶೋಧಕರು ಪ್ರಕಟಿಸಿದ ಕ್ರಮದಲ್ಲಿ ದಂಪತಿಗಳಿಬ್ಬರನ್ನೂ ಕೂಡಿಸಿಯೇ ಚಿಕಿತ್ಸೆ ಕೊಡಲಾಗುತ್ತದೆ: ಕೆಲವು ವಾರ ಸಂಭೋಗವನ್ನು ಬದಿಗಿಟ್ಟು, ಯಾವ ಗುರಿಯೂ ಇಲ್ಲದೆ ಒಬ್ಬರನ್ನೊಬ್ಬರು ಮುಟ್ಟುವುದನ್ನು, ಹಿತವಾದುದನ್ನು ಬಾಯಿಬಿಟ್ಟು ಹೇಳುವುದನ್ನು ಅವರು ಕಲಿಯುತ್ತಾರೆ. ವಾತ್ಸ್ಯಾಯನನ ಮೂರು ರಾತ್ರಿಗಳಿಗೂ ಈ ಕ್ರಮಕ್ಕೂ ಇರುವ ಹೋಲಿಕೆಯನ್ನು ಓದುಗರು ಗಮನಿಸಿಯಾರು. ಬಯಕೆಯನ್ನು ಹೆಚ್ಚಿಸುವುದಕ್ಕೆಂದೇ ಅಮೆರಿಕೆಯಲ್ಲಿ 2015ರಲ್ಲಿ ಒಂದು ಮಾತ್ರೆಗೂ 2019ರಲ್ಲಿ ಒಂದು ಚುಚ್ಚುಮದ್ದಿಗೂ ಒಪ್ಪಿಗೆ ದೊರೆತಿದ್ದರೂ ಅವುಗಳ ಪ್ರಯೋಜನ ಅಲ್ಪ. ಎಲ್ಲವನ್ನೂ ಒಂದು ಗುಳಿಗೆ ಗುಣಪಡಿಸೀತೆಂದು ಯಾರೂ ನಂಬಬೇಡಿ.

ಬಸ್ ನಿಲ್ದಾಣದ ಗೋಡೆಗಳ ಮೇಲೆ ಗುಪ್ತರೋಗಕ್ಕೆ ಗ್ಯಾರಂಟಿ ಚಿಕಿತ್ಸೆಯೆಂದು ಬರೆಯಿಸುವವರನ್ನಂತೂ ಮೊದಲೇ ನಂಬಬೇಡಿ. ಲೈಂಗಿಕ ಶಕ್ತಿಯ ಔಷಧಗಳನ್ನು ಹಾಗೆ ಜಾಹೀರು ಮಾಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ.

ನಮ್ಮ ಪ್ರಾರ್ಥನೆ

ಸೋದರಿಯರಲ್ಲಿ: ಮೊದಲ ಮಾತನ್ನಾಡುವುದೇ ಕಠಿನ. "ಡಾಕ್ಟರೇ, ಗಂಡನ ಜೊತೆ ಸೇರುವಾಗ ನೋವಾಗುತ್ತದೆ" ಎಂಬ ಒಂದು ವಾಕ್ಯ ಸಾಕು; ಮುಂದಿನದನ್ನು ಕೇಳುವುದು ಅವರ ಕೆಲಸ. ತಾಲ್ಲೂಕು ಆಸ್ಪತ್ರೆಯ ಸ್ತ್ರೀರೋಗ ವೈದ್ಯರ ಬಳಿ ಹೇಳಿ. ಮನಸ್ಸಿನ ಭಾರವನ್ನು ಫೋನಿನಲ್ಲಿ ಹೇಳಿಕೊಳ್ಳಬಯಸಿದರೆ ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416, ಕನ್ನಡದಲ್ಲಿಯೇ ಮಾತನಾಡಬಹುದು.

ಸೋದರರಲ್ಲಿ: ಅವಳು ನೋವೆಂದಾಗ ನಂಬಿ, ಅಲ್ಲಿಗೇ ನಿಲ್ಲಿಸಿ, ಮಾರನೆಯ ದಿನ ಜೊತೆಯಲ್ಲಿ ವೈದ್ಯರ ಬಳಿಗೆ ನಡೆಯಿರಿ.

ವೈದ್ಯರಲ್ಲಿಯೂ ಆಶಾ ಕಾರ್ಯಕರ್ತೆಯರಲ್ಲಿಯೂ: ಬಾಣಂತಿಯ ಹೊಲಿಗೆಯನ್ನು ನೋಡುವಾಗ, ಸಕ್ಕರೆಯ ಮಾತ್ರೆಯನ್ನು ಬರೆಯುವಾಗ, ಗಂಡನನ್ನೂ ಅತ್ತೆಯನ್ನೂ ಒಂದು ಕ್ಷಣ ಹೊರಗೆ ಕಳುಹಿಸಿ, ಕೂಟದಲ್ಲಿ ನೋವುಂಟೆ ಎಂಬ ಪ್ರಶ್ನೆಯನ್ನೂ ಕೇಳಿ. ನೀವು ಕೇಳದಿದ್ದರೆ ಅವಳು ಹೇಳಲಾರಳು.

ತಾಯಂದಿರಲ್ಲಿ: ಮಗಳಿಗೆ ಸೀರೆ ಒಡವೆಗಳನ್ನು ಆರಿಸುವಷ್ಟೇ ಎಚ್ಚರದಿಂದ ಅವಳ ದೇಹದ ವಿಷಯವನ್ನೂ ಮದುವೆಗೆ ಮುಂಚೆಯೇ ತಿಳಿಸಿ ಹೇಳಿ. ನಿಮಗೆ ಯಾರೂ ಹೇಳದೆ ಹೋದುದರಿಂದ ನೀವು ಪಟ್ಟ ಪಾಡು ನಿಮಗೇ ಗೊತ್ತು. ಅದು ನಿಮ್ಮ ಕಾಲಕ್ಕೇ ಮುಗಿಯಲಿ.

ಓದಿದ ಮೇಲೆ ಈ ಪತ್ರವನ್ನು ಮಡಿಸಿ ಮೂಲೆಯಲ್ಲಿಡದೆ ಇನ್ನೊಬ್ಬರ ಕೈಗೆ ಕೊಡಬೇಕೆಂದು ಬೇಡುತ್ತೇವೆ.