ಮೃಗಾಲಯದಲ್ಲಿ ಮಲೆನಾಡು ಕಾಣಿಸಲಿ

ಶಿಕಾರಿಪುರವೆಂಬ ಹೆಸರಿನಲ್ಲಿಯೇ ಬೇಟೆಯ ನೆನಪು ಅಡಗಿರುವುದು. ಹೈದರ–ಟಿಪ್ಪುಗಳ ಕಾಲದಲ್ಲಿ ಇಲ್ಲಿ ಮೃಗಗಳು ಹೇರಳವಾಗಿ ದೊರೆತುದರಿಂದ ಈ ಹೆಸರು ಬಂದಿತೆಂದು ಪ್ರತೀತಿ. ಇಂದಾದರೋ ಶಿಕಾರಿಪುರ–ಸೊರಬಗಳ ಬಾಲಕರು ಕಾಡುಮೃಗಗಳನ್ನು ನಿರ್ಭಯವಾಗಿ, ಸಾವಧಾನವಾಗಿ ನೋಡಬೇಕಾದರೆ ಶಿವಮೊಗ್ಗದ ಬಳಿಯ ತ್ಯಾವರೆಕೊಪ್ಪಕ್ಕೆ ಹೋಗಬೇಕು.

ಸಾಗರದ ರಸ್ತೆಯಲ್ಲಿ 1988ರಲ್ಲಿ ಸ್ಥಾಪಿತವಾದ ಆ ಹುಲಿ–ಸಿಂಹಧಾಮವನ್ನು ನಮ್ಮ ಜಿಲ್ಲೆಯ ಸಜೀವ ವಸ್ತುಸಂಗ್ರಹಾಲಯವೆಂದರೆ ತಪ್ಪಾಗದು. ಸಿಂಹವನ್ನು ಕಂಡು ಮಕ್ಕಳು ಹಿಗ್ಗುವುದು ಸಹಜವೇ. ಆದರೆ ಭಾರತದಲ್ಲಿ ಸಿಂಹವು ಸ್ವಚ್ಛಂದವಾಗಿ ಬಾಳುತ್ತಿರುವುದು ಗೀರ್ ಅರಣ್ಯದ ಸೀಮೆಯಲ್ಲಿ ಮಾತ್ರ. ಕಾಡುಕೋಣ, ಕಡವೆ, ಕೆಂದಳಿಲು, ಸಿಂಗಳೀಕ, ಮಂಗಟ್ಟೆ, ಪುನುಗಿನ ಬೆಕ್ಕು, ಚಿಪ್ಪುಹಂದಿ ಇವು ನಮ್ಮ ನೆರೆಹೊರೆಯವು. ನೆರೆಯವರ ಪರಿಚಯ ಮಾಡಿಕೊಡುವುದೇ ಇಂತಹ ಸಂಸ್ಥೆಯ ಪ್ರಥಮ ಕರ್ತವ್ಯವು.

ಇದು ಬರಿಯ ವಿನೋದದ ಮಾತಲ್ಲವೆಂಬುದಕ್ಕೆ ಸೊರಬವೇ ಸಾಕ್ಷಿ. 1957ರಲ್ಲಿ ಆ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಕೋತಿಗಳೂ ಮುಸುವಗಳೂ ಸತ್ತು ಬಿದ್ದುವು. ಸುತ್ತಣ ಹಳ್ಳಿಗಳಲ್ಲಿ ಜನರು ಜ್ವರದಿಂದ ನರಳಿ ಮಡಿದರು. ಜಗತ್ತಿನ ವೈದ್ಯಗ್ರಂಥಗಳಲ್ಲಿ ಆ ರೋಗಕ್ಕೆ ಕ್ಯಾಸನೂರಿನ ಹೆಸರೇ ನಿಂತಿತು; ಜನರ ಬಾಯಲ್ಲಿ ಅದು ಮಂಗನ ಕಾಯಿಲೆಯಾಯಿತು. ವಾಸ್ತವದಲ್ಲಿ ರೋಗವನ್ನು ಮನುಷ್ಯನಿಗೆ ಅಂಟಿಸುವುದು ಕಾಡಿನ ಉಣುಗು. ಮಂಗವೂ ಆ ರೋಗಕ್ಕೆ ಬಲಿಯೇ; ಅದರ ಸಾವು ನಮಗೊಂದು ಎಚ್ಚರಿಕೆ. ಇಷ್ಟನ್ನು ಅರಿತ ಬಾಲಕನು ಸತ್ತ ಮಂಗವನ್ನು ಮುಟ್ಟದೆ, ಅದರ ಬಳಿ ಸುಳಿಯದೆ, ಆರೋಗ್ಯ ಕೇಂದ್ರಕ್ಕೆ ಸುದ್ದಿ ತಲುಪಿಸುವನು. ಪ್ರಾಣಿಜ್ಞಾನವು ಇಲ್ಲಿ ಪ್ರಾಣರಕ್ಷಣೆಯೇ ಆಗಿರುತ್ತದೆ.

ಹಂದಿಗಳು ಜೋಳವನ್ನೂ ಮಂಗಗಳು ತೋಟವನ್ನೂ ಹಾಳುಮಾಡುತ್ತಿರುವಾಗ ಈ ಪ್ರೀತಿಯೇಕೆಂದು ಒಕ್ಕಲಿಗ ಬಂಧುಗಳು ಕೇಳಬಹುದು. ಅವರ ಸಂಕಟವನ್ನು ನಾವು ಹಗುರವೆಂದೆಣಿಸುವುದಿಲ್ಲ. ನಷ್ಟಕ್ಕೆ ತಕ್ಕ ಪರಿಹಾರವು ಕಾಲಕ್ಕೆ ಸರಿಯಾಗಿ ಕೈಸೇರಲೇಬೇಕು. ಆದರೆ ಮೃಗದ ಆಹಾರ, ಸಂಚಾರ, ಸ್ವಭಾವಗಳನ್ನರಿಯದೆ ಹೊಲವನ್ನು ಕಾಯುವ ಉಪಾಯವೂ ತೋರದು.

ಹಾಗೆಂದು ಹೊಸದಾಗಿ ಪ್ರಾಣಿಗಳನ್ನು ಹಿಡಿದು ತುಂಬಬೇಕೆಂದಲ್ಲ. 1972ರ ವನ್ಯಜೀವಿ ಕಾಯಿದೆಯು ಅದಕ್ಕೆ ಆಸ್ಪದ ಕೊಡದು. ಗಾಯಗೊಂಡು, ತಾಯಿಯನ್ನಗಲಿ ಬಂದು ಮರಳಿ ಕಾಡು ಸೇರಲಾರದ ಜೀವಿಗಳಿಗೆ ಅಲ್ಲಿ ಆಶ್ರಯವಿರಲಿ. ಪ್ರತಿಯೊಂದು ಆವರಣದ ಮುಂದೆಯೂ ನಮ್ಮ ಹಳ್ಳಿಗರು ಕರೆಯುವ ಹೆಸರು, ಆ ಪ್ರಾಣಿಯ ನೆಲೆ, ಆಹಾರ, ಅದರಿಂದ ಕಾಡಿಗಾಗುವ ಉಪಕಾರ ಇವುಗಳನ್ನು ತಿಳಿಗನ್ನಡದಲ್ಲಿ ಬರೆದಿರಲಿ. ಹೆಸರು ಮರೆತಲ್ಲಿ ಪ್ರಾಣಿಯೂ ಮರೆಯಾಗುವುದು.

ಉಪಾಧ್ಯಾಯ ಮಹಾಶಯರಲ್ಲಿ ನಮ್ಮದೊಂದು ವಿಜ್ಞಾಪನೆಯುಂಟು. ಪಂಜರವಿಲ್ಲದ ಸಂಗ್ರಹಾಲಯವೊಂದು ಸೊರಬದ ಗುಡವಿಯಲ್ಲಿಯೇ ಇದೆ. ಮಳೆಗಾಲದಲ್ಲಿ ಆ ಕೆರೆಯ ಮರಗಳ ಮೇಲೆ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟಿ ಮರಿಮಾಡುತ್ತವೆ. ವರ್ಷಕ್ಕೊಮ್ಮೆಯಾದರೂ ಶಿಷ್ಯರನ್ನು ಅಲ್ಲಿಗೆ ಕರೆದೊಯ್ಯಿರಿ, ಕಂಡುದನ್ನು ಬರೆಯಿಸಿರಿ.

ಶಿಕಾರಿಪುರದ ಸೀಮೆಯ ಬಳ್ಳಿಗಾವಿಯಲ್ಲಿ 1047ರಲ್ಲಿ ಎದ್ದ ಗಂಡಭೇರುಂಡ ಸ್ತಂಭವು ಇಂದಿಗೂ ನಿಂತಿದೆ. ಕಲ್ಪನೆಯ ಆ ಪಕ್ಷಿಯನ್ನು ಕರ್ನಾಟಕವು ತನ್ನ ಲಾಂಛನದಲ್ಲಿಟ್ಟು ಗೌರವಿಸಿದೆ. ಕಲ್ಲಿನ ಹಕ್ಕಿಗೆ ಕೈಮುಗಿಯುವ ಕನ್ನಡಿಗನು ಕೆರೆಯ ಹಕ್ಕಿಯ ಹೆಸರರಿಯದಿದ್ದರೆ ಅದು ನಾಡಿಗೆ ಶೋಭಿಸದು.